ಮರುಕ ಎಷ್ಟು ದೂರ ಬಂದೀತು?

ಹೆಂಡತಿ ಸಾಯುವ ಸ್ಥಿತಿಯಲ್ಲಿದ್ದಾಳೆ. ಅವಳನ್ನು ಉಳಿಸಬಲ್ಲ ಔಷಧಕ್ಕೆ ಅದನ್ನು ಕಂಡುಹಿಡಿದವನು ತಯಾರಿಕಾ ವೆಚ್ಚದ ಹತ್ತು ಪಟ್ಟು ಬೆಲೆ ಕೇಳುತ್ತಿದ್ದಾನೆ. ಗಂಡ ಅದನ್ನು ಕದಿಯಬಹುದೇ? ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್ ಹುಡುಗರ ಮುಂದೆ ಇಂಥ ಇಕ್ಕಟ್ಟುಗಳನ್ನು ಇಟ್ಟು, ಅವರ ಉತ್ತರಗಳ ಆಧಾರದ ಮೇಲೆ 1958ರಲ್ಲಿ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಪಿಎಚ್‌.ಡಿ. ಪ್ರಬಂಧ ಸಲ್ಲಿಸಿದರು. ಹುಡುಗ ಹೌದೆನ್ನಲಿ, ಅಲ್ಲವೆನ್ನಲಿ, ಅವರಿಗೆ ಬೇಕಿದ್ದದ್ದು ಅವನು ಕೊಡುವ ಕಾರಣ. ಗೋಲಿಯಾಟದ ನಿಯಮಗಳ ಬಗ್ಗೆ ಮಕ್ಕಳನ್ನು ಕೇಳಿ 1932ರಲ್ಲಿ ಪುಸ್ತಕ ಬರೆದ ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ಹಾಕಿಕೊಟ್ಟ ದಾರಿ ಅದು. ನೈತಿಕ ಬೆಳವಣಿಗೆಯೆಂದರೆ ತರ್ಕದ ಬೆಳವಣಿಗೆ ಎಂಬ ಈ ನೋಟ ಹಲವು ದಶಕ ಮನೋವಿಜ್ಞಾನದ ಆ ಕ್ಷೇತ್ರವನ್ನು ಆಳಿತು.

ಆದರೆ ನ್ಯಾಯವನ್ನು ಚೆನ್ನಾಗಿ ವಿವರಿಸಬಲ್ಲವರೆಲ್ಲ ಬಿದ್ದವರನ್ನು ಎತ್ತಲು ಮುಂದಾಗುವುದಿಲ್ಲ. ಸರಿ ಯಾವುದೆಂದು ತಿಳಿದ ಮೇಲೂ ಅದನ್ನು ಮಾಡುವಂತೆ ತಳ್ಳುವುದು ಯಾವುದು? ಅಮೆರಿಕದ ಇನ್ನೊಬ್ಬ ಮನೋವಿಜ್ಞಾನಿ ಮಾರ್ಟಿನ್ ಹಾಫ್‌ಮನ್ ತಮ್ಮ ವೃತ್ತಿಜೀವನದ ಬಹುಭಾಗವನ್ನು ಈ ಪ್ರಶ್ನೆಗೆ ಕೊಟ್ಟರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡಿ, ಮುಂದೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಅವರು ಕಂಡುಕೊಂಡ ಉತ್ತರ ಪರಾನುಭೂತಿ: ಇನ್ನೊಬ್ಬರ ಸಂಕಟ ನಮ್ಮೊಳಗೂ ಸಂಕಟ ಹುಟ್ಟಿಸುವ ಗುಣ.

ಅವರ ಹೆಸರು ಮೊದಲು ಗಟ್ಟಿಯಾದದ್ದು ಮನೆಯೊಳಗಿನ ಶಿಸ್ತಿನ ಅಧ್ಯಯನದಿಂದ. 1967ರಲ್ಲಿ ಹರ್ಬರ್ಟ್ ಸಾಲ್ಟ್‌ಸ್ಟೈನ್ ಜೊತೆ ಅವರು ಏಳನೆಯ ತರಗತಿಯ ಮಕ್ಕಳನ್ನೂ ಹೆತ್ತವರನ್ನೂ ಮಾತನಾಡಿಸಿ, ಶಿಸ್ತಿನ ಮೂರು ಬಗೆಗಳನ್ನು ಹೋಲಿಸಿದರು. ಹೊಡೆತ, ಬೆದರಿಕೆಗಳಿಂದ ದರ್ಪ ತೋರಿಸುವುದು ಒಂದು. ಮಾತು ಬಿಟ್ಟು ಮುಖ ತಿರುಗಿಸುವುದು ಇನ್ನೊಂದು. ‘ನೀನು ತಳ್ಳಿದ್ದಕ್ಕೆ ಅವನು ಬಿದ್ದ, ನೋಡು, ಅಳುತ್ತಿದ್ದಾನೆ’ ಎಂದು ಮಗುವಿನ ಕಣ್ಣನ್ನು ನೊಂದವನತ್ತ ತಿರುಗಿಸುವುದು ಮೂರನೆಯದು. ಮಧ್ಯಮ ವರ್ಗದ ಮನೆಗಳಲ್ಲಿ ತಾಯಿ ಹೆಚ್ಚಾಗಿ ಈ ಮೂರನೆಯದನ್ನು ಬಳಸುತ್ತಿದ್ದರೆ ಮಕ್ಕಳಲ್ಲಿ ತಪ್ಪಿನ ಅರಿವು, ಪರರ ಬಗ್ಗೆ ಕಾಳಜಿ ಹೆಚ್ಚು ಕಂಡಿತು; ದರ್ಪ ಹೆಚ್ಚಿದ್ದಲ್ಲಿ ಕಡಿಮೆ. ಮುನಿಸಿನಿಂದ ಹೇಳಿಕೊಳ್ಳುವಂಥ ಪರಿಣಾಮವೇನೂ ಕಾಣಲಿಲ್ಲ. ಹೀಗೇಕೆ? ಹಾಫ್‌ಮನ್ ಪ್ರಕಾರ ಭಯ ಅತಿಯಾದರೆ ಮಗುವಿಗೆ ತನ್ನ ಬೆನ್ನಿನದೇ ಚಿಂತೆ, ಮಾತು ಕಿವಿಗೆ ಬೀಳುವುದಿಲ್ಲ. ಒತ್ತಡ ಏನೂ ಇಲ್ಲದಿದ್ದರೆ ಕೇಳುವ ಗೋಜಿಗೇ ಹೋಗುವುದಿಲ್ಲ. ಎರಡರ ನಡುವೆ ಹೇಳಿದ ಮಾತು ಒಳಗಿಳಿಯುತ್ತದೆ. ಕಾಲಕ್ರಮೇಣ ಅದನ್ನು ಹೇಳಿದ್ದು ಅಮ್ಮ ಎಂಬುದು ಮರೆತುಹೋಗಿ, ಮಾತು ಮಗುವಿನ ಸ್ವಂತದ್ದಾಗುತ್ತದೆ. ಅವರ ಒಟ್ಟು ಬರಹದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ವಿವರಣೆಯೇ. ಆದರೆ ಕೆಳವರ್ಗದ ಮನೆಗಳಲ್ಲಿ ಈ ಸಂಬಂಧ ಸ್ಪಷ್ಟವಾಗಿ ಸಿಗಲಿಲ್ಲ. ತಂದೆಯ ಶಿಸ್ತಿನ ವಿಷಯದಲ್ಲೂ ಹಾಗೆಯೇ. ಮಕ್ಕಳನ್ನು ಬೆಳೆಸುವ ಬಗ್ಗೆ ಸಲಹೆ ಕೊಡುವವರು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

1970ರ ದಶಕದಲ್ಲಿ ಅವರು ಇನ್ನೂ ಹಿಂದಕ್ಕೆ, ಶಿಶುಗಳತ್ತ ಹೋದರು. ನವಜಾತ ಶಿಶುಗಳು ಕಂಪ್ಯೂಟರ್ ಹೊರಡಿಸುವ ಅಳುವಿಗಿಂತ ಇನ್ನೊಂದು ಶಿಶುವಿನ ನಿಜವಾದ ಅಳುವಿಗೆ ಹೆಚ್ಚು ಅಳುತ್ತವೆ ಎಂದು ಅಬ್ರಹಾಂ ಸಾಗಿ ಜೊತೆ 1976ರಲ್ಲಿ ವರದಿ ಮಾಡಿದರು. ಅದು ಪರಾನುಭೂತಿಯ ಬೀಜವೋ, ಕಿವಿಗೆ ಹಿತವಲ್ಲದ ಸದ್ದಿಗೆ ಪ್ರತಿಕ್ರಿಯೆಯೋ ಎಂಬ ವಾದ ಇನ್ನೂ ತೀರಿಲ್ಲ. ಅವರು ಹೇಳುವ ಪುಟ್ಟ ಘಟನೆಗಳು ಹೆಚ್ಚು ಮಾತಾಡುತ್ತವೆ. ಹನ್ನೊಂದು ತಿಂಗಳ ಹೆಣ್ಣುಮಗುವೊಂದು ಇನ್ನೊಂದು ಮಗು ಬಿದ್ದು ಅತ್ತದ್ದನ್ನು ನೋಡಿ, ತಾನೇ ಬಿದ್ದಂತೆ ಬಾಯಲ್ಲಿ ಹೆಬ್ಬೆರಳಿಟ್ಟುಕೊಂಡು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿತು. ಹದಿನೈದು ತಿಂಗಳ ಹುಡುಗನೊಬ್ಬ ಆಟಿಕೆಗಾಗಿ ಗೆಳೆಯನೊಡನೆ ಕಿತ್ತಾಡಿ, ಅವನು ಅಳತೊಡಗಿದಾಗ ಆಟಿಕೆ ಬಿಟ್ಟುಕೊಟ್ಟ. ಅಳು ನಿಲ್ಲಲಿಲ್ಲ. ತನ್ನ ಗೊಂಬೆ ಕರಡಿಯನ್ನು ಕೊಟ್ಟ, ಅದಕ್ಕೂ ನಿಲ್ಲಲಿಲ್ಲ. ಆಮೇಲೆ ಪಕ್ಕದ ಕೋಣೆಯಿಂದ ಗೆಳೆಯನದೇ ನೆಚ್ಚಿನ ಹೊದಿಕೆ ತಂದುಕೊಟ್ಟ, ಅಳು ನಿಂತಿತು. ತನಗೆ ಸಮಾಧಾನ ಕೊಡುವುದು ಇವನಿಗೆ ಸಾಲದು ಎಂಬುದು ಆ ವಯಸ್ಸಿಗೇ ಹೊಳೆದಿತ್ತು.

ಇಷ್ಟಾದರೂ ಹಾಫ್‌ಮನ್ ಪರಾನುಭೂತಿಯ ಭಜನೆಗೆ ಕೂರಲಿಲ್ಲ. ಅದು ನಮ್ಮವರತ್ತ ವಾಲುತ್ತದೆ, ಕಣ್ಣೆದುರಿಗಿರುವವರತ್ತ ವಾಲುತ್ತದೆ ಎಂದು ಅವರೇ ಬರೆದರು. ಸಂಕಟ ಮಿತಿಮೀರಿದರೆ ನೋಡುವವರು ತಮ್ಮ ನೋವಿನಿಂದ ಪಾರಾಗಲು ಮುಖ ತಿರುಗಿಸುತ್ತಾರೆ ಎಂಬುದನ್ನೂ ಸೇರಿಸಿದರು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ನ್ಯಾನ್ಸಿ ಐಸೆನ್‌ಬರ್ಗ್ ಹೃದಯಬಡಿತ, ಮುಖಭಾವಗಳನ್ನು ಅಳೆದು ಪರರಿಗಾಗಿ ಮರುಗುವುದನ್ನೂ ತಾನೇ ಕಂಗೆಡುವುದನ್ನೂ ಬೇರೆಬೇರೆಯಾಗಿ ಗುರುತಿಸಿದ್ದು ಇದೇ ಜಾಡಿನ ಕೆಲಸ.

2000ದಲ್ಲಿ ಹೊರಬಂದ ಹಾಫ್‌ಮನ್ ಅವರ ಪುಸ್ತಕ ಇದಕ್ಕೊಂದು ಪರಿಹಾರ ಸೂಚಿಸುತ್ತದೆ: ಪರಾನುಭೂತಿಯನ್ನು ನ್ಯಾಯದ ತತ್ತ್ವಗಳಿಗೆ ಬೆಸೆಯಬೇಕು. ತತ್ತ್ವ ಭಾವದ ವಾಲುವಿಕೆಯನ್ನು ತಿದ್ದುತ್ತದೆ, ಭಾವ ತತ್ತ್ವಕ್ಕೆ ಬಿಸಿ ಕೊಡುತ್ತದೆ. ಹದಿನಾರು ವರ್ಷಗಳ ನಂತರ ಮನೋವಿಜ್ಞಾನಿ ಪಾಲ್ ಬ್ಲೂಮ್ ಹೆಚ್ಚುಕಡಿಮೆ ಇವೇ ದೋಷಗಳನ್ನು ಮುಂದಿಟ್ಟು, ಪರಾನುಭೂತಿಯನ್ನು ನೆಚ್ಚುವುದೇ ಬೇಡ, ವಿವೇಕವುಳ್ಳ ಕರುಣೆ ಸಾಕು ಎಂದು ವಾದಿಸಿದರು. ನನ್ನ ಒಲವು ಹಾಫ್‌ಮನ್ ಕಡೆಗೆ. ಯಾರ ನೋವೂ ತಟ್ಟದ ಮಗುವಿಗೆ ‘ನೋಡು, ಅವನು ಅಳುತ್ತಿದ್ದಾನೆ’ ಎಂದು ಹೇಳಿ ಪ್ರಯೋಜನವೇನು? ಆದರೆ ಆ ಬೆಸುಗೆ ಯಾವ ವಯಸ್ಸಿನಲ್ಲಿ, ಯಾರ ಕೈಯಲ್ಲಿ, ಹೇಗೆ ಆಗುತ್ತದೆ ಎಂಬಲ್ಲಿಗೆ ಬಂದಾಗ ಅವರ ಪುಸ್ತಕದಲ್ಲಿ ಪುರಾವೆಗಿಂತ ವಾದವೇ ಮುಂದೆ ನಿಲ್ಲುತ್ತದೆ. 1967ರ ಕೆಲಸದಲ್ಲಿದ್ದ ಬಿಗಿ ಅಲ್ಲಿಲ್ಲ.