ದೂರದ ಮೀನಿಗೆ ದೊಡ್ಡ ಸ್ಟ್ರೋಬ್ ಬೇಕಾ?

ಪ್ರಶ್ನೆ: "ಸರ್, ಡಿಸೆಂಬರಿನಲ್ಲಿ ಮತ್ತೆ ನೇತ್ರಾಣಿ ದ್ವೀಪಕ್ಕೆ ಡೈವಿಂಗಿಗೆ ಬರ್ತಾ ಇದ್ದೀನಿ. ಕ್ಯಾಮೆರಾ, ಅದಕ್ಕೆ ನೀರು ಹೋಗದ ಹಾಗೆ ಹಾಕೋ ಹೌಸಿಂಗ್ ಎರಡೂ ಇದೆ. ಹೋದ ಸಲದ ಫೋಟೋ ಎಲ್ಲ ಬರೀ ನೀಲಿ, ಮೇಲಿಂದ ಬಿಳಿ ಚುಕ್ಕಿ ಬೇರೆ. ಹೊರಗಡೆ ಹಾಕೋ ಸ್ಟ್ರೋಬ್, ಅಂದ್ರೆ ನೀರೊಳಗಿನ ಫ್ಲ್ಯಾಶ್, ತಗೊಳ್ಳೋಣ ಅಂತಿದ್ದೀನಿ. ದೂರದ ಮೀನೂ ಚೆನ್ನಾಗಿ ಬರಬೇಕು. ಪವರ್ ಜಾಸ್ತಿ ಇರೋದು ಯಾವುದು ಹೇಳಿ."

ಮಳೆಗಾಲ ಮುಗಿದು ಮುರುಡೇಶ್ವರದಿಂದ ಡೈವಿಂಗ್ ಬೋಟು ಹೊರಟಿತು ಅಂದರೆ ಈ ಪ್ರಶ್ನೆಯೂ ಹೊರಟಿತು ಅಂತಲೇ ಲೆಕ್ಕ. ಒಮ್ಮೆ ಶಿರಸಿಯಿಂದ, ಒಮ್ಮೆ ಹುಬ್ಬಳ್ಳಿಯಿಂದ, ಒಮ್ಮೆ ಬೆಂಗಳೂರಿನಿಂದ. ಕ್ಯಾಮೆರಾ ಬೇರೆ ಬೇರೆ ಇರುತ್ತದೆ, ಕೊನೇ ಸಾಲು ಮಾತ್ರ ಬದಲಾಗುವುದಿಲ್ಲ. ಅದಕ್ಕೇ ಈ ಸಲ ಒಂದೇ ಸಾರಿ ಉದ್ದಕ್ಕೆ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅವಸರ ಇದ್ದವರಿಗೆ ಉತ್ತರ ಇಷ್ಟೇ. ಸಾಧಾರಣ ಪವರಿನ ಒಂದು ಸ್ಟ್ರೋಬ್, ಅದನ್ನು ಕ್ಯಾಮೆರಾದಿಂದ ದೂರ ಚಾಚಿ ಹಿಡಿಯಲು ಎರಡು ತುಂಡಿನ ಉದ್ದನೆಯ ಆರ್ಮ್, ಒಂದು ಫೈಬರ್ ಕೇಬಲ್. ದುಡ್ಡು ಮಿಕ್ಕಿದರೆ ವೈಡ್ ಲೆನ್ಸ್. ದೂರದ ಮೀನಿಗೆ ಬಣ್ಣ ತರುವ ಸ್ಟ್ರೋಬನ್ನು ಇನ್ನೂ ಯಾರೂ ಮಾಡಿಲ್ಲ.

ಇಷ್ಟಕ್ಕೇ ಒಪ್ಪಿದರೆ ನನಗೂ ಕೆಲಸ ಕಡಿಮೆ. ಆದರೆ ಯಾರೂ ಒಪ್ಪುವುದಿಲ್ಲ. "ಪವರ್ ಡಬಲ್ ಆದ್ರೆ ದೂರಾನೂ ಡಬಲ್ ಆಗ್ಬೇಕಲ್ವಾ?" ಅನ್ನುತ್ತಾರೆ. ಆಗುವುದಿಲ್ಲ. ಗಾಳಿಯಲ್ಲೇ ಆಗುವುದಿಲ್ಲ, ನೀರಿನಲ್ಲಂತೂ ಕೇಳಲೇಬೇಡಿ.

ಸ್ಟ್ರೋಬಿನ ಡಬ್ಬದ ಮೇಲೆ ಗೈಡ್ ನಂಬರ್ ಅಂತ ಒಂದು ಇರುತ್ತದೆ. ಇನಾನ್ ಕಂಪನಿಯ ಚಿಕ್ಕ ಎಸ್-2000 ಸ್ಟ್ರೋಬಿಗೆ ಅದು 20. ಅದೇ ಕಂಪನಿಯ ದೊಡ್ಡ ಝಡ್-330ಕ್ಕೆ 33. ಈ ನಂಬರನ್ನು ಲೆನ್ಸಿನ ಎಫ್ ನಂಬರಿನಿಂದ (ಅದು ದೊಡ್ಡದಾದಷ್ಟೂ ಲೆನ್ಸಿನ ಕಿಂಡಿ ಚಿಕ್ಕದು, ಒಳಗೆ ಬರುವ ಬೆಳಕು ಕಡಿಮೆ) ಭಾಗಿಸಿದರೆ, ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸೆಟ್ಟಿಂಗ್ ಐಎಸ್ಒ 100ರಲ್ಲಿ ಎಷ್ಟು ಮೀಟರಿನವರೆಗೆ ಬೆಳಕು ಸಾಕಾಗುತ್ತದೆ ಅನ್ನುವುದು ಸಿಗುತ್ತದೆ. ಅದು ಗಾಳಿಯ ಲೆಕ್ಕ. ನೀರಿಗೆ ಇಳಿದ ಮೇಲೆ ಅದರ ಮೂರರಲ್ಲೊಂದು ಪಾಲು ಹಿಡಿಯುವುದು ರೂಢಿ. ಎಫ್ 8 ಇಟ್ಟುಕೊಂಡು ಲೆಕ್ಕ ಹಾಕಿ. ಚಿಕ್ಕದು ಸುಮಾರು 80 ಸೆಂಟಿಮೀಟರ್, ದೊಡ್ಡದು ಸುಮಾರು 1.4 ಮೀಟರ್. ದೊಡ್ಡದು ಚಿಕ್ಕದಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಬೆಳಕು ಚೆಲ್ಲುತ್ತದೆ. ಅಷ್ಟೆಲ್ಲ ಬೆಳಕಿಗೆ ನಿಮಗೆ ಸಿಕ್ಕಿದ್ದು ಒಂದು ಮೊಳ, ಮೇಲೆ ನಾಲ್ಕು ಬೆರಳು.

ಯಾಕೆ ಹೀಗೆ? ಒಂದು ಕಾರಣ ಶಾಲೆಯಲ್ಲೇ ಓದಿದ್ದು. ಬೆಳಕು ಹರಡುತ್ತಾ ಹೋಗುತ್ತದೆ, ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲೊಂದು. ಇನ್ನೊಂದು ಕಾರಣ ನೀರಿನದ್ದು. ನೀರು ಕೆಂಪು ಬಣ್ಣವನ್ನು ಮೊದಲು ನುಂಗುತ್ತದೆ. ಎಷ್ಟೇ ಶುದ್ಧ ನೀರಿರಲಿ, ಒಂದು ಮೀಟರ್ ದಾಟುವಷ್ಟರಲ್ಲಿ ಕಡುಗೆಂಪು ಬೆಳಕಿನ ಮೂರನೇ ಒಂದು ಪಾಲಿನ ಹತ್ತಿರ ಹತ್ತಿರ ಹೋಗಿಬಿಟ್ಟಿರುತ್ತದೆ. ಸ್ಟ್ರೋಬಿನ ಬೆಳಕು ಮೀನಿನವರೆಗೆ ಹೋದರೆ ಸಾಕಾ? ವಾಪಸ್ ಲೆನ್ಸಿಗೂ ಬರಬೇಕು. ಮೀನು ಮೂರು ಮೀಟರ್ ದೂರ ಇದ್ದರೆ ಬೆಳಕಿಗೆ ಆರು ಮೀಟರಿನ ದಾರಿ. ಅಲ್ಲಿಗೆ ಕೆಂಪು ಉಳಿಯುವುದು ಹೆಚ್ಚುಕಡಿಮೆ ಎಂಟರಲ್ಲೊಂದು ಪಾಲು. ಅದರ ಮೇಲೆ ಹರಡಿದ್ದರಿಂದ ಆದ ನಷ್ಟ ಬೇರೆ. ನೀವು ಸ್ಟ್ರೋಬಿಗೆ ದುಡ್ಡು ಕೊಟ್ಟಿದ್ದೇ ಆ ಕೆಂಪಿಗಾಗಿ. ನೀಲಿ ಪುಕ್ಕಟೆ ಸಿಗುತ್ತದೆ.

ಇಷ್ಟು ಹೇಳಿದ ಮೇಲೂ "ಇರಲಿ ಸರ್, ಪವರ್ ಜಾಸ್ತಿ ಇದ್ರೆ ಆ ಬಿಳಿ ಚುಕ್ಕಿನಾದ್ರೂ ಹೋಗತ್ತಲ್ವಾ?" ಅನ್ನುವವರಿದ್ದಾರೆ. ಹೋಗುವುದಿಲ್ಲ ಸ್ವಾಮಿ, ಇನ್ನೂ ಹೊಳೆಯುತ್ತದೆ.

ಮಳೆಗಾಲದಲ್ಲಿ ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿದಿದ್ದೀರಲ್ವಾ? ಮಂಜು ದಟ್ಟವಾಗಿ ಕವಿದಾಗ ಹೈಬೀಮ್ ಹಾಕಿ ನೋಡಿ. ರಸ್ತೆ ಕಾಣುವುದಿಲ್ಲ, ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಡಿಮ್ ಮಾಡಿದರೆ ನಾಲ್ಕು ಮಾರು ರಸ್ತೆಯಾದರೂ ಕಾಣುತ್ತದೆ. ಇದು ಪ್ರತಿ ಡ್ರೈವರಿಗೂ ಗೊತ್ತು. ಅದೇ ಡ್ರೈವರ್ ಕ್ಯಾಮೆರಾ ಹಿಡಿದು ನೀರಿಗೆ ಇಳಿದ ಕೂಡಲೇ ಮರೆತುಬಿಡುತ್ತಾನೆ. ಆ ಚುಕ್ಕಿಗಳು ನೀರಿನಲ್ಲಿ ತೇಲುವ ಮಣ್ಣಿನ ಕಣ, ಪ್ಲಾಂಕ್ಟನ್ ಅನ್ನುವ ಸಣ್ಣ ಜೀವಿಗಳು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಘಟ್ಟದ ಮಣ್ಣು ಹೊತ್ತು ತರುವ ನದಿಗಳು. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್ ಒಳಗಿರುವುದರಿಂದ ಕಾರವಾರದ ತೀರಕ್ಕಿಂತ ನೀರು ಎಷ್ಟೋ ತಿಳಿ. ಆದರೂ ಕಣ ಇಲ್ಲದ ಸಮುದ್ರ ಅಂತ ಎಲ್ಲೂ ಇಲ್ಲ.

ಹಾಗಾದರೆ ಚುಕ್ಕಿ ಹೋಗುವುದು ಹೇಗೆ? ಹಳೇ ಹಂಚಿನ ಮನೆಯ ಅಡುಗೆಮನೆ ನೆನಪು ಮಾಡಿಕೊಳ್ಳಿ. ಮಾಡಿನ ಗಾಜಿನ ಹಂಚಿನಿಂದ ಬಿಸಿಲುಕೋಲು ಇಳಿದಿರುತ್ತದೆ. ಅದರೊಳಗೆ ಧೂಳು, ಹೊಗೆ ಕುಣಿಯುವುದು ಎಷ್ಟು ಚೆನ್ನಾಗಿ ಕಾಣುತ್ತದೆ! ಧೂಳು ಇಡೀ ಅಡುಗೆಮನೆಯಲ್ಲಿದೆ, ಆದರೆ ಕಾಣುವುದು ಆ ಕೋಲಿನೊಳಗೆ ಮಾತ್ರ. ಸ್ಟ್ರೋಬಿನ ವಿದ್ಯೆ ಅಂದರೆ ಇದೇ. ನಿಮ್ಮ ಲೆನ್ಸಿಗೂ ಮೀನಿಗೂ ನಡುವಿನ ನೀರಿಗೆ ಬಿಸಿಲುಕೋಲು ಬೀಳಬಾರದು, ಮೀನಿನ ಮೇಲೆ ಮಾತ್ರ ಬೀಳಬೇಕು. ಕ್ಯಾಮೆರಾದ ಒಳಗಿನ ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ನಡುವಿನ ನೀರೆಲ್ಲ ಬೆಳಗುತ್ತದೆ. ಹೊರಗಿನ ಸ್ಟ್ರೋಬ್ ಕೊಳ್ಳುವುದು ಅದನ್ನು ಪಕ್ಕಕ್ಕೆ ಒಯ್ಯಬಹುದು ಅಂತ. ಪವರ್ ಆಮೇಲಿನ ಮಾತು.

ನಂಬಿಕೆ ಬರದಿದ್ದರೆ ಮನೆಯಲ್ಲೇ ಮಾಡಿ ನೋಡಿ. ನಾನು ಹೊಸಬರಿಗೆ ಇದನ್ನೇ ಮಾಡಿ ತೋರಿಸುವುದು. ದೊಡ್ಡ ಗಾಜಿನ ಭರಣಿಯಲ್ಲಿ ನೀರು ತುಂಬಿ. ಎರಡು ಹನಿ ಹಾಲು ಬಿಡಿ, ಮೂರನೆಯದು ಬೇಡ. ಭರಣಿಯ ಹಿಂದಿನ ಗೋಡೆಗೆ ತಾಗುವ ಹಾಗೆ ಒಂದು ಕೆಂಪು ಮೆಣಸಿನಕಾಯಿ ಇಳಿಬಿಡಿ. ಕೋಣೆ ಕತ್ತಲು ಮಾಡಿ ಮೊಬೈಲಿನ ಫ್ಲ್ಯಾಶ್ ಹಾಕಿ ಎದುರಿನಿಂದ ಫೋಟೋ ತೆಗೆಯಿರಿ. ಹಾಲಿನ ಮಬ್ಬು ಕಾಣುತ್ತದೆ, ಮೆಣಸು ಎಲ್ಲೋ ಹಿಂದೆ. ಈಗ ಆ ಫ್ಲ್ಯಾಶ್ ಆರಿಸಿ, ಇನ್ನೊಂದು ಮೊಬೈಲಿನ ಟಾರ್ಚನ್ನು ಪಕ್ಕದಿಂದ, ಭರಣಿಯ ಹಿಂದಿನ ಭಾಗಕ್ಕೆ ಮಾತ್ರ ಬೀಳುವ ಹಾಗೆ ಹಿಡಿಯಿರಿ. ಮೆಣಸು ಕೆಂಪಗೆ ಎದ್ದು ಬರುತ್ತದೆ. ನೀರು ಅದೇ, ಹಾಲು ಅದೇ, ಟಾರ್ಚಿನ ಪವರೂ ಹೆಚ್ಚುಕಡಿಮೆ ಅದೇ.

ಮೊದಲ ಸಲ ಇದನ್ನು ನೋಡಿದವರು ಸುಮ್ನೆ ಒಂದು ನಿಮಿಷ ಭರಣಿಯನ್ನೇ ನೋಡುತ್ತಾ ಕೂರುತ್ತಾರೆ. ಆ ಒಂದು ನಿಮಿಷ ನನಗೆ ಬಹಳ ಇಷ್ಟ.

ನೀರಿನೊಳಗೆ ಲೆಕ್ಕ ಹೀಗೆ ಇಟ್ಟುಕೊಳ್ಳಿ. ಮೀನು ಲೆನ್ಸಿನಿಂದ ಎಷ್ಟು ದೂರವೋ, ಸ್ಟ್ರೋಬ್ ಲೆನ್ಸಿನಿಂದ ಪಕ್ಕಕ್ಕೆ ಕಡಿಮೆಯೆಂದರೂ ಅಷ್ಟು ದೂರ ಇರಲಿ. ಮುಂದಕ್ಕೆ ಚಾಚಬೇಡಿ, ಲೆನ್ಸಿನ ಗಾಜಿಗಿಂತ ಒಂದಿಷ್ಟು ಹಿಂದೆಯೇ ಇರಲಿ. ಮುಖ ನೇರ ಮೀನಿನ ಕಡೆಗೂ ಬೇಡ, ಸ್ವಲ್ಪ ಹೊರಕ್ಕೆ ತಿರುಗಿಸಿ. ಬೆಳಕಿನ ಅಂಚು ಮೀನನ್ನು ಸವರಿದರೆ ಸಾಕು. ಇದಕ್ಕೇ ಉದ್ದದ ಆರ್ಮ್ ಅಂದಿದ್ದು. ಸ್ಟ್ರೋಬಿಗೆ ಕೈ ಬಿಚ್ಚಿ ಖರ್ಚು ಮಾಡಿ ಗೇಣುದ್ದದ ಆರ್ಮ್ ಹಾಕಿಕೊಂಡು ಬರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ದೊಡ್ಡ ಸ್ಟ್ರೋಬ್ ಸುಮ್ಮನೆ ದಂಡ ಅಂತ ನಾನು ಹೇಳುತ್ತಿಲ್ಲ. ವೈಡ್ ಲೆನ್ಸ್, ಗುಮ್ಮಟದಂಥ ಗಾಜು ಹಾಕಿದರೆ ಮೂಲೆಗಳು ಮಬ್ಬಾಗದಿರಲು ಎಫ್ 11, ಎಫ್ 13 ಇಡಬೇಕಾಗುತ್ತದೆ. ಚೌಕಟ್ಟಿನಲ್ಲಿ ಸೂರ್ಯನೂ ಬೇಕು ಅಂದರೆ ಅದರ ಜೊತೆ ಗುದ್ದಾಡಲು ಬೆಳಕು ಬೇಕು. ಬೆಳಕನ್ನು ಹರಡಿ ಮೆತ್ತಗೆ ಮಾಡುವ ಡಿಫ್ಯೂಸರ್ ಹಾಕಿದರೆ ಅದೂ ಒಂದಿಷ್ಟು ತಿನ್ನುತ್ತದೆ. ದೊಡ್ಡ ಸ್ಟ್ರೋಬಿನ ಬೆಳಕು ಅಗಲಕ್ಕೂ ಬೀಳುತ್ತದೆ. ಪವರಿನ ನಿಜವಾದ ಖರ್ಚು ಇಲ್ಲಿ, ದೂರದಲ್ಲಲ್ಲ. ನೀವು ಆ ಮಟ್ಟಕ್ಕೆ ಬಂದಾಗ ಎರಡು ಸ್ಟ್ರೋಬ್ ಬೇಕಾಗುತ್ತದೆ, ಒಂದೇ ದೊಡ್ಡದಲ್ಲ. ಬಂಡೆ ಸಂದಿಯ ಸಣ್ಣ ಜೀವಗಳಿಗೆ ಒಂದು ಚಿಕ್ಕದು ಧಾರಾಳ.

ಹಾಗಾದರೆ ದೂರದ ಬರಾಕುಡಾ ಗುಂಪು? ಸ್ಟ್ರೋಬ್ ಆಫ್ ಮಾಡಿ. ಕೆಳಗಿನಿಂದ ಮೇಲಕ್ಕೆ, ಬಿಸಿಲಿಗೆ ಎದುರಾಗಿ ತೆಗೆಯಿರಿ, ಕಪ್ಪು ನೆರಳಿನ ಹಾಗೆ ಬರಲಿ. ಎಷ್ಟು ಚೆಂದ ಇರುತ್ತದೆ ಗೊತ್ತಾ? ಬಣ್ಣವೇ ಬೇಕು ಅಂದರೆ ಹತ್ತಿರ ಹೋಗಿ. ಹತ್ತಿರ ಹೋಗಲು ತೇಲುವುದರ ಮೇಲೆ ಹಿಡಿತ ಬೇಕು. ಕೋರ್ಸ್ ಮಾಡದೆ ಮೊದಲ ಸಲ ಇಳಿಯುವವರನ್ನು 12 ಮೀಟರಿಗಿಂತ ಕೆಳಗೆ ಒಯ್ಯುವುದಿಲ್ಲ, ಅವರ ಸಿಲಿಂಡರನ್ನು ಇನ್‌ಸ್ಟ್ರಕ್ಟರ್ ಹಿಡಿದಿರುತ್ತಾರೆ. ಅಂಥವರೂ ಸ್ಟ್ರೋಬ್ ಕೇಳುತ್ತಾರೆ. ದಯವಿಟ್ಟು ಬೇಡ. ಮೊದಲು ಕೋರ್ಸ್, ಆಮೇಲೆ ಲೈಟು.

ಉಳಿದಿದ್ದನ್ನು ಬೇಗ ಮುಗಿಸುತ್ತೇನೆ. ಕ್ಯಾಮೆರಾದಲ್ಲಿ ಒಳಗಿನ ಫ್ಲ್ಯಾಶ್ ಇದ್ದರೆ ಫೈಬರ್ ಕೇಬಲ್ ಸಾಕು. ಆ ಫ್ಲ್ಯಾಶಿನ ಮಿಂಚು ಕೇಬಲ್ ಮೂಲಕ ಹೋಗಿ ಸ್ಟ್ರೋಬನ್ನು ಹೊಡೆಸುತ್ತದೆ. ಒಲಿಂಪಸ್ ಟಿಜಿ-6 ಥರದವಕ್ಕೆ ಇದೇ ದಾರಿ. ಒಳಗಿನ ಫ್ಲ್ಯಾಶ್ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಆದರೆ ಹೌಸಿಂಗಿನೊಳಗೆ ಕೂರುವ ಎಲ್ಇಡಿ ಟ್ರಿಗರ್ ಬೇಕು. ಇದನ್ನು ವಿಚಾರಿಸದೆ ಸ್ಟ್ರೋಬ್ ತಂದು ಆಮೇಲೆ ಫೋನ್ ಮಾಡಬೇಡಿ. ಎಷ್ಟು ಬೆಳಕು ಬೇಕು ಅಂತ ಕ್ಯಾಮೆರಾವೇ ಅಳೆದುಕೊಳ್ಳುವ ಟಿಟಿಎಲ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಾಲ್ಕು ಡೈವಿನಲ್ಲಿ ಕೈ ಕುದುರುತ್ತದೆ. ವಿಡಿಯೋ ಲೈಟು ಫೋಟೋಗೂ ಆಗತ್ತಾ ಅಂದರೆ, ಮೂಗಿನ ಹತ್ತಿರದ ಜೀವಕ್ಕೆ ಆಗುತ್ತದೆ, ಮಧ್ಯಾಹ್ನದ ಬಿಸಿಲಿನಲ್ಲಿ ಅದರಾಚೆಗೆ ಸೋಲುತ್ತದೆ.

ಈಗ ಯಾರೂ ಕೇಳದ ಪ್ರಶ್ನೆ. ಸ್ಟ್ರೋಬ್ ಸಾಯುವುದು ಯಾವುದರಿಂದ?

ನನ್ನದು ಸತ್ತಿದ್ದು ಒಂದು ಕೂದಲಿನಿಂದ. ಎರಡು ಡೈವಿನ ನಡುವೆ, ಅಲುಗಾಡುವ ಬೋಟಿನಲ್ಲಿ ಕೂತು ಸೆಲ್ ಬದಲಾಯಿಸಿದೆ. ಮೊದಲ ಸೆಟ್ಟಿನಲ್ಲಿ ಇನ್ನೂ ಚಾರ್ಜ್ ಇತ್ತು, ಸುಮ್ನೆ ಇರಲಾರದ ಬುದ್ಧಿ. ಸೆಲ್ ಮುಚ್ಚಳದ ಸುತ್ತ ನೀರು ತಡೆಯುವ ಕಪ್ಪು ರಬ್ಬರ್ ಬಳೆ, ಓ-ರಿಂಗ್, ಇರುತ್ತದಲ್ಲ, ಅದಕ್ಕೆ ಅಡ್ಡವಾಗಿ ನನ್ನದೇ ತಲೆಯ ಒಂದು ಒದ್ದೆ ಕೂದಲು ಕೂತಿತ್ತು. ಕಣ್ಣಿಗೆ ಬೀಳಲಿಲ್ಲ. ಹದಿನೈದು ಮೀಟರ್ ಇಳಿಯುವಷ್ಟರಲ್ಲಿ ಸ್ಟ್ರೋಬಿನಿಂದ ಸಣ್ಣ ಗುಳ್ಳೆ ಏಳತೊಡಗಿತು. ಮೇಲೆ ಬಂದು ನೋಡಿದರೆ ಒಳಗೆ ಉಪ್ಪುನೀರು, ಸೆಲ್ಲಿನ ತುದಿಗೆ ಹಸಿರು ಕಿಲುಬು. ಹಾಗೇನಾದರೂ ಆದರೆ ಮುಚ್ಚಳವನ್ನು ಮುಖದ ಕಡೆ ಹಿಡಿದು ತೆಗೆಯಬೇಡಿ. ಉಪ್ಪುನೀರು ಸೆಲ್ಲಿಗೆ ತಾಗಿದರೆ ಒಳಗೆ ಗ್ಯಾಸ್ ಕಟ್ಟಿರುತ್ತದೆ, ಮುಚ್ಚಳ ಹಾರಬಹುದು.

ಮುಚ್ಚುವ ಮೊದಲು ಬೆರಳ ತುದಿಯಿಂದ ಓ-ರಿಂಗನ್ನು ಸುತ್ತಲೂ ಒಮ್ಮೆ ಸವರಿ. ಮರಳಿನ ಒಂದು ಕಾಳಿದ್ದರೂ ಬೆರಳಿಗೆ ತಾಗುತ್ತದೆ, ಕಣ್ಣಿಗಿಂತ ಬೆರಳು ನಂಬಿಕಸ್ಥ. ಗ್ರೀಸು ಹೊಳಪು ಬರುವಷ್ಟು ಸಾಕು, ತುಂಬ ಮೆತ್ತಿದರೆ ಅದೇ ಕಸ ಹಿಡಿಯುತ್ತದೆ. ಡೈವ್ ಮುಗಿದ ಮೇಲೆ ಸಿಹಿನೀರಿನ ಬಕೆಟ್ಟಿನಲ್ಲಿ ನೆನೆಹಾಕುವವರೆಗೂ ಒಣಗಲು ಬಿಡಬೇಡಿ. ಬಿಸಿಲಿಗೆ ನೀರು ಆರಿ ಉಪ್ಪು ಹರಳುಗಟ್ಟುವುದನ್ನು ಸಾಣಿಕಟ್ಟಾದ ಆಗರದಲ್ಲಿ ನೋಡಿರುತ್ತೀರಿ. ಬಟನ್ನಿನ ಸಂದಿಯಲ್ಲೂ ಅದೇ ಬೇಸಾಯ ನಡೆಯುತ್ತದೆ. ಹರಳಾದ ಮೇಲೆ ಬಟನ್ ಒತ್ತಿದರೆ ಅದು ರಬ್ಬರನ್ನೇ ಕೊಯ್ಯುತ್ತದೆ. ಬೋಟು ದಡಕ್ಕೆ ಬರಲು ಗಂಟೆಗಟ್ಟಲೆ ಆಗುತ್ತದೆ, ಅಲ್ಲಿಯವರೆಗೆ ಒದ್ದೆ ಟವೆಲ್ಲಿನಲ್ಲಿ ಸುತ್ತಿಡಿ.

ಸೆಲ್ ಅಂದರೆ ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಪೆನ್ಸಿಲ್ ಸೆಲ್, ಎನೆಲೂಪ್ ಥರದ್ದು. ಅಂಗಡಿಯ ಆಲ್ಕಲೈನ್ ಸೆಲ್ಲಿನ ಮೇಲೆ 1.5 ವೋಲ್ಟ್ ಅಂತ ಇರುತ್ತದೆ, ಇದರ ಮೇಲೆ 1.2. "ಆಲ್ಕಲೈನೇ ಪವರ್ ಜಾಸ್ತಿ ಅಲ್ವಾ ಸರ್?" ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಅಲ್ಲ. ಚಾರ್ಜಿಂಗ್ ಸೆಲ್ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡುತ್ತದೆ, ಸ್ಟ್ರೋಬ್ ಮುಂದಿನ ಮಿಂಚಿಗೆ ಬೇಗ ತಯಾರಾಗುತ್ತದೆ. ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಬೆಳಿಗ್ಗೆ ತಲೆ, ಕೈ ಒರೆಸಿಕೊಂಡು ರೂಮಿನಲ್ಲೇ ಹಾಕಿಕೊಂಡು ಬನ್ನಿ. ಎರಡು ಡೈವಿಗೆ ಸಾಮಾನ್ಯವಾಗಿ ಸಾಕಾಗುತ್ತದೆ. ಬೋಟಿನಲ್ಲಿ ಮಾತ್ರ ಆ ಮುಚ್ಚಳ ಮುಟ್ಟಬೇಡಿ.