ಬಾಬಿನ್ ಲೇಸ್ ಗುರುತಿಸುವುದು ಹೇಗೆ? ನೂಲಿನ ಜಾಡು ಹಿಡಿಯಿರಿ

ಪ್ರಶ್ನೆ: ಮಗಳು ಬೆಲ್ಜಿಯಂನ ಬ್ರೂಜ್ ಊರಿನಿಂದ ಹೂವಿನ ಲೇಸ್ ತಂದಿದ್ದಾಳೆ. ಇದು ಕೈಯಿಂದ ಮಾಡಿದ ಬಾಬಿನ್ ಲೇಸೇ, ಮಿಷನ್ನಿನದೇ? ಬಗೆ ಯಾವುದು ಅಂತ ತಿಳಿಯುವುದು ಹೇಗೆ?

ಉತ್ತರ: ಲೇಸನ್ನು ಕಪ್ಪು ಬಟ್ಟೆಯ ಮೇಲೆ ಹರಡಿ, ಭೂತಗನ್ನಡಿ ಹಿಡಿಯಿರಿ. ಮೊದಲು ಎಲೆ, ದಳದಂಥ ತುಂಬಿದ ಜಾಗ ನೋಡಿ. ಬಾಬಿನ್ ಲೇಸ್ ಆದರೆ ಅಲ್ಲಿ ಹಾಸುಹೊಕ್ಕು ಕಾಣುತ್ತದೆ, ಥೇಟ್ ನೇಯ್ದ ಬಟ್ಟೆಯ ಹಾಗೆ. ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿಕೊಂಡು, ಜೋಡಿ ಜೋಡಿ ಬಾಬಿನ್‌ಗಳ (ನೂಲು ಸುತ್ತಿದ ಪುಟ್ಟ ಕಡ್ಡಿಗಳ) ನೂಲನ್ನು ದಾಟಿಸಿ, ತಿರುಚಿ ಮಾಡುವ ಕೆಲಸ ಅಲ್ವಾ ಇದು! ಕುಣಿಕೆಯೊಳಗೆ ಕುಣಿಕೆ ಕಂಡರೆ ಕ್ರೋಶಾ. ಕಾಜಾ ಹೊಲಿಗೆ ಸಾಲುಸಾಲಾಗಿ ಕಂಡರೆ ಸೂಜಿ ಲೇಸ್. ಅಂಚೆಲ್ಲ ಜುಂಗು ಎದ್ದು, ನೂಲಿನ ದಾರಿಯೇ ಸಿಗದಿದ್ದರೆ ಅದು ಹೆಚ್ಚಾಗಿ ಕೆಮಿಕಲ್ ಲೇಸ್. ಬಟ್ಟೆಯ ಮೇಲೆ ಮಿಷನ್ ಕಸೂತಿ ಹಾಕಿ, ಆಮೇಲೆ ಆ ಬಟ್ಟೆಯನ್ನೇ ಕರಗಿಸಿರುತ್ತಾರೆ.

ಅಂಕುಡೊಂಕಿದ್ದರೆ ಕೈಕೆಲಸ ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಪಳಗಿದ ಕೈಯ ಲೇಸ್ ಅಷ್ಟು ನೀಟಾಗಿರುತ್ತದೆ. ಇನ್ನೊಂದು ಕಡೆ, ಬಾರ್ಮೆನ್ ಅನ್ನುವ ಯಂತ್ರ ನೂಲನ್ನು ಕೈಯವರ ಹಾಗೆಯೇ ಹೆಣೆಯುತ್ತದೆ. ಸರಳ ಪಟ್ಟಿ ಲೇಸ್‌ಗಳಲ್ಲಿ ಅನುಭವ ಇರುವವರೂ ತಡವರಿಸುವುದು ಇದರಿಂದಲೇ.

ಈಗ ಬಗೆಯ ವಿಷಯ. ಹೂವಿನ ಒಂದು ನೂಲು ಹಿಡಿದು ಕಣ್ಣಲ್ಲೇ ಹಿಂಬಾಲಿಸಿ. ಅದು ಹೂವು ದಾಟಿ ಹಿನ್ನೆಲೆಯ ಬಲೆಗೆ ಇಳಿಯಿತೇ? ಹಾಗಿದ್ದರೆ ಹೂವು, ಬಲೆ ಎರಡನ್ನೂ ಒಟ್ಟಿಗೇ ಮಾಡಿದ್ದಾರೆ. ಈ ಗುಂಪಿನಲ್ಲಿ ಟಾರ್ಶನ್ ಎಂಬ ಲೇಸ್ ಗುರುತಿಸುವುದು ಸುಲಭ. ಅದರ ವಿನ್ಯಾಸ ಚೌಕಳಿ ಹಾಳೆಯ ಮೇಲೆ ಕೂರುವಂಥದ್ದು, ಓರೆ ಗೆರೆ, ವಜ್ರಾಕಾರ. ಮೆಕ್ಲಿನ್ ಮತ್ತು ವ್ಯಾಲೆನ್ಸಿಯೆನ್ ನೋಡಲು ಅಕ್ಕತಂಗಿಯರ ಹಾಗೆ. ಆದರೆ ಮೆಕ್ಲಿನ್ ಹೂವಿನ ಸುತ್ತ ಹೊಳಪಿನ ದಪ್ಪ ನೂಲು ಓಡುತ್ತದೆ. ವ್ಯಾಲೆನ್ಸಿಯೆನ್‌ನಲ್ಲಿ ಅದಿಲ್ಲ. ಬದಲಿಗೆ ಬಲೆಯ ಕಣ್ಣಿನ ಪ್ರತಿ ಬದಿಯೂ ನಾಲ್ಕು ನೂಲಿನ ಪುಟ್ಟ ಜಡೆ! ಕಪ್ಪು ರೇಷ್ಮೆಯದಾದರೆ ಶಾಂಟಿಲಿ ಇರಬಹುದು. ಗೋಧಿಕಾಳಿನಂಥ ಎಲೆಗಳೂ ಎಂಟು ಮೊನೆಯ ಶಿಲುಬೆಯೂ ಇದ್ದರೆ ಮಾಲ್ಟಾದ್ದು.

ನೂಲು ಹೂವಿನ ಬಾಗಿಗೆ ತಕ್ಕಂತೆ ಬಾಗಿ, ಹೂವಿನೊಳಗೇ ಉಳಿಯಿತೇ? ಹಾಗಾದರೆ ಬಿಡಿ ತುಂಡುಗಳನ್ನು ಆಮೇಲೆ ಜೋಡಿಸಿದ ಲೇಸ್. ಇಂಗ್ಲೆಂಡಿನ ಹಾನಿಟನ್ ಈ ಬಗೆಯದು. 1840ರಲ್ಲಿ ನಡೆದ ವಿಕ್ಟೋರಿಯಾ ರಾಣಿಯ ಮದುವೆಯ ಉಡುಪಿಗೆ ಬೀರ್ ಎಂಬ ಕಡಲೂರಿನ ಹೆಂಗಸರು ಹೆಣೆದದ್ದು ಇದನ್ನೇ. ಸ್ಲೊವೇನಿಯಾದ ಇದ್ರಿಯಾದಲ್ಲಿ ಕಿರಿದಾದ ಪಟ್ಟಿಯೊಂದು ಹಾವಿನಂತೆ ಸುತ್ತಿ ವಿನ್ಯಾಸವಾಗುತ್ತದೆ. ಅಲ್ಲಿನ ಲೇಸ್ ಶಾಲೆ 1876ರಿಂದ ಇದೆ.

ನಿಮ್ಮ ಬ್ರೂಜ್ ಹೂವೂ ಈ ಎರಡನೆಯ ಗುಂಪಿನದೇ ಆಗಬೇಕು. ದಳಕ್ಕೆ ದಳ ತಾಗುವ ಅಂಚು ನೋಡಿ. ಗುಂಡುಸೂಜಿ ನಿಂತಿದ್ದ ಸಣ್ಣ ತೂತಿನೊಳಗಿಂದ ಕೊಕ್ಕೆಯಲ್ಲಿ ನೂಲೆಳೆದು ಸಿಕ್ಕಿಸಿದ ಗುರುತು ಸಿಗುತ್ತದೆ. ಸಿಕ್ಕಿದರೆ ಮಗಳಿಗೂ ತೋರಿಸಿ.