ನಿರ್ಭಯಾ ನಿಧಿ: 112ರ ಹಿಂದಿರುವ ದುಡ್ಡು

ಮಹಿಳೆಯರ ಸುರಕ್ಷತೆಗೆಂದು ಕೇಂದ್ರ ಸರ್ಕಾರ ಇಟ್ಟ ನಿರ್ಭಯಾ ನಿಧಿ ಇರುವುದು ಸಂತ್ರಸ್ತರಿಗೆ ಪರಿಹಾರ ಕೊಡಲು ಎಂದಷ್ಟೇ ಹಲವರು ತಿಳಿದಿದ್ದಾರೆ. ತುರ್ತು ಸಂದರ್ಭದಲ್ಲಿ ನಾವು ಒತ್ತುವ 112 ದೇಶದುದ್ದಕ್ಕೂ ಬಂದದ್ದೂ ಇದೇ ದುಡ್ಡಿನಿಂದ.

2012ರ ಡಿಸೆಂಬರ್ 16ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ, 2013-14ರ ಕೇಂದ್ರ ಬಜೆಟ್‌ನಲ್ಲಿ ಅಂದಿನ ಹಣಕಾಸು ಸಚಿವ ಪಿ. ಚಿದಂಬರಂ ಈ ನಿಧಿಗೆ 1,000 ಕೋಟಿ ರೂಪಾಯಿ ಘೋಷಿಸಿದರು. ಇದು ಲ್ಯಾಪ್ಸ್ ಆಗದ ನಿಧಿ. ಮಾಮೂಲಿ ಅನುದಾನ ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ಖಜಾನೆಗೆ ವಾಪಸ್. ಇಲ್ಲಿ ಉಳಿದದ್ದು ಮುಂದಿನ ವರ್ಷಕ್ಕೂ ಇರುತ್ತದೆ. ಟೆಂಡರ್, ನಿಯಂತ್ರಣ ಕೊಠಡಿ, ಸಾಫ್ಟ್‌ವೇರ್, ಟೆಲಿಕಾಂ ಕಂಪನಿಗಳ ಜೋಡಣೆ ಯಾವುದೂ ಒಂದೇ ವರ್ಷದಲ್ಲಿ ಮುಗಿಯುವಂಥದ್ದಲ್ಲವಾದ್ದರಿಂದ 112ಕ್ಕೆ ಈ ಗುಣ ಬೇಕೇ ಬೇಕಿತ್ತು.

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಉನ್ನತಾಧಿಕಾರ ಸಮಿತಿ ಪ್ರಸ್ತಾವ ಪರಿಶೀಲಿಸಿ ಶಿಫಾರಸು ಮಾಡುತ್ತದೆ. 112ಕ್ಕೆ ಹಣ ಹೊರಡುವುದು ಕೇಂದ್ರ ಗೃಹ ಸಚಿವಾಲಯದಿಂದ. ಮಂಜೂರಾದದ್ದು 321.69 ಕೋಟಿ, ಅದರಲ್ಲಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಹೋದದ್ದು 278.66 ಕೋಟಿ. 2018ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶ ಮೊದಲು ಶುರು ಮಾಡಿತು.

ಈ ಲೆಕ್ಕದಲ್ಲಿ ಮಂಜೂರು, ಬಿಡುಗಡೆ, ಬಳಕೆ ಮೂರೂ ಬೇರೆ. ಖರ್ಚಿನ ಬಳಕೆ ಪ್ರಮಾಣಪತ್ರವನ್ನು ರಾಜ್ಯ ಸಕಾಲಕ್ಕೆ ಕಳಿಸದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ನಿಧಿ ಲ್ಯಾಪ್ಸ್ ಆಗುವುದಿಲ್ಲ ನಿಜ, ಕೆಲಸ ಮಾತ್ರ ನಿಂತಿರುತ್ತದೆ.

ಕರೆ ಬಂದಾಗ ಏನಾಗುತ್ತದೆ ನೋಡಿ. ಕರೆ ಸ್ವೀಕರಿಸುವವರ ಪರದೆ ಮೇಲೆ ನಂಬರ್ ಮತ್ತು ಅಂದಾಜು ಜಾಗ ಮೂಡುತ್ತದೆ. ಅವರು ವಿವರ ತುಂಬಿಸಿ ಮುಂದಕ್ಕೆ ದಾಟಿಸುತ್ತಾರೆ. ವಾಹನ ಕಳಿಸುವವರು ಹತ್ತಿರದ ಗಾಡಿಯ ಟ್ಯಾಬ್‌ಗೆ ಅದನ್ನು ರವಾನಿಸುತ್ತಾರೆ. ಫೋನಿನ ಜಿಪಿಎಸ್ ಸಿಗದಿದ್ದರೆ ಕಾಣುವುದು ಟವರ್‌ನ ಜಾಗ ಮಾತ್ರ. ಹಳ್ಳಿಗಾಡಿನಲ್ಲಿ ಒಂದೇ ಟವರ್ ಹಲವು ಕಿಲೋಮೀಟರ್ ಸುತ್ತಲಿನ ಪ್ರದೇಶಕ್ಕೆ ಇರುತ್ತದೆ. ಹಾಗಾಗಿ ಕರೆ ಮಾಡಿದವರು ಮೊದಲು ಊರು, ಹತ್ತಿರದ ಗುರುತು ಹೇಳಬೇಕು.

ಕೊಠಡಿ, ಸರ್ವರ್, ತಂತ್ರಾಂಶಕ್ಕೆ ನಿಧಿಯ ಹಣ ಬಂತು. ಗಾಡಿಯ ಡೀಸೆಲ್, ಅದರಲ್ಲಿ ಕೂತ ಪೊಲೀಸರ ಸಂಬಳ ರಾಜ್ಯದ ಬಜೆಟ್‌ನದ್ದು, ಏಕೆಂದರೆ ಸಂವಿಧಾನದಲ್ಲಿ ಪೊಲೀಸ್ ರಾಜ್ಯಪಟ್ಟಿಯ ವಿಷಯ. ಒಂದು ಸಲದ ಖರ್ಚಿಗೆ ಕೇಂದ್ರದ ಹಣ ಸಿಕ್ಕಿತೆಂದು ಪ್ರತಿ ತಿಂಗಳ ಖರ್ಚನ್ನು ಮರೆತ ಕಡೆಗಳಲ್ಲಿ, ಕರೆಗೆ ತಕ್ಷಣ ಉತ್ತರ ಸಿಕ್ಕರೂ ಗಾಡಿ ಬರುವುದು ತಡ. ಅಂಥ ಕಡೆ ಪ್ರಶ್ನೆ ಹೋಗಬೇಕಾದ್ದು ದೆಹಲಿಗಲ್ಲ. ಕರ್ನಾಟಕದಲ್ಲಾದರೆ ಒಳಾಡಳಿತ ಇಲಾಖೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ, 112ಕ್ಕೆ ಬಿಡುಗಡೆಯಾದದ್ದೆಷ್ಟು, ಬಳಕೆಯಾದದ್ದೆಷ್ಟು ಎಂದು ವರ್ಷವಾರು, ಎರಡನ್ನೂ ಬೇರೆಬೇರೆಯಾಗಿ ಕೇಳಿ.